ನರ್ಸಮ್ಮನ ಭಾನುವಾರದ ರೌಂಡ್ಸ್

ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಮೇಡಂ ರಂಗೋಲಿ ಹಾಕುವ ಹೊತ್ತಿಗೆ ಸರಿಯಾಗಿ ನಾನು ಗೇಟು ತೆಗೆದು ಹೊರಡುತ್ತೇನೆ. ಕೈಯಲ್ಲಿ ಒಂದು ಬಟ್ಟೆಚೀಲ, ಅದರಲ್ಲಿ ಬೈಬಲ್ಲು, ಕೀರ್ತನೆ ಪುಸ್ತಕ, ಛತ್ರಿ. ಅವರು ಬಗ್ಗಿದಲ್ಲಿಂದಲೇ ತಲೆಯೆತ್ತಿ, "ಟಿವೀಲೇ ಎಲ್ಲಾ ಬರತ್ತಲ್ರೀ, ಮತ್ಯಾಕೆ ಇಷ್ಟು ಬೇಗ ಎದ್ದು ಹೋಗ್ತೀರ?" ಎಂದು ಕೇಳುತ್ತಾರೆ. ಕೊಂಕು ಮಾತಲ್ಲ ಅದು. ಅವರು ತಮ್ಮ ಗುರುಗಳ ಪ್ರವಚನವನ್ನು ಫೋನಿನಲ್ಲಿ ಹಾಕಿಕೊಂಡು, ಕೇಳುತ್ತಲೇ ಹುಳಿಗೆ ಒಗ್ಗರಣೆ ಹಾಕುವವರು. ನಾನು "ಅಲ್ಲಿ ಕಾಫಿ ಚೆನ್ನಾಗಿರತ್ತೆ" ಎಂದು ಹೇಳಿ ಹೊರಟುಬಿಡುತ್ತೇನೆ. ಅದು ಶುದ್ಧ ಸುಳ್ಳು. ನಮ್ಮ ಚರ್ಚಿನ ಕಾಫಿ ಕುಡಿದವರು ಎರಡನೇ ಲೋಟ ಕೇಳಿದ್ದನ್ನು ನಾನು ನೋಡಿಲ್ಲ.

ನಿಜವಾದ ಉತ್ತರ ಗೇಟಿನ ಹತ್ತಿರ ನಿಂತು ಹೇಳುವಷ್ಟು ಚಿಕ್ಕದಲ್ಲ. ಇಲ್ಲಿ ಹೇಳುತ್ತೇನೆ.

ನಮ್ಮವರು ತೀರಿಕೊಂಡ ಮೇಲೆ ನನಗೆ ಪ್ರಾರ್ಥನೆ ಮಾಡಲು ಆಗುತ್ತಿರಲಿಲ್ಲ. ಹುಟ್ಟಿದಾಗಿನಿಂದ ಪ್ರಾರ್ಥನೆ ಕೇಳಿಕೊಂಡೇ ಬೆಳೆದವಳು ನಾನು. ಊಟಕ್ಕೆ ಮುಂಚೆ, ಮಲಗುವ ಮುಂಚೆ, ಬಸ್ಸು ಹತ್ತುವ ಮುಂಚೆ, ಪರೀಕ್ಷೆಯ ಪ್ರಶ್ನೆಪತ್ರಿಕೆ ಕೈಗೆ ಬರುವ ಮುಂಚೆ, ಎಲ್ಲಕ್ಕೂ ನಮ್ಮ ಮನೆಯಲ್ಲಿ ಒಂದೊಂದು ಪ್ರಾರ್ಥನೆ. ಆಮೇಲೆ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್ ಆಗಿ ನಿವೃತ್ತಿಯಾಗುವವರೆಗೂ, ದಡ್ಡ ಮಕ್ಕಳ ಉತ್ತರಪತ್ರಿಕೆ ತಿದ್ದುವ ಮುಂಚೆ ನನ್ನ ಸಿಟ್ಟು ಇಳಿಯಲೆಂದೂ ಪ್ರಾರ್ಥಿಸುತ್ತಿದ್ದೆ. ಅಂಥವಳಿಗೆ ಈಗ ಕಣ್ಣು ಮುಚ್ಚಿದರೆ ಒಂದು ಮಾತೂ ಬರುತ್ತಿರಲಿಲ್ಲ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಎನ್ನುವಷ್ಟರಲ್ಲಿ ಎದ್ದು ಹೋಗಿಬಿಡುತ್ತಿದ್ದೆ. ಅಳುವಿನಿಂದಲ್ಲ, ಸಿಟ್ಟಿನಿಂದ. ಅವರ ಹೃದಯದ ಕಾಯಿಲೆಗಾಗಿ ಚರ್ಚಿನ ಇಡೀ ಸಭೆ ತಿಂಗಳುಗಟ್ಟಲೆ ಪ್ರಾರ್ಥಿಸಿತ್ತು. ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಎಷ್ಟು ಕೇಳಿಕೊಂಡಿದ್ದೆನೋ ನನಗೇ ಗೊತ್ತು. ಆದರೂ ಹೋದರು. ಕೇಳಿಸಿಕೊಳ್ಳದವನ ಜೊತೆ ಮಾತೇನು ಎಂದು ಮಾತು ಬಿಟ್ಟೆ.

ನಂಬಿಕೆ ಹೋಯಿತೆಂದಲ್ಲ. ಇಲ್ಲದವನ ಮೇಲೆ ಯಾರೂ ಅಷ್ಟು ಸಿಟ್ಟು ಮಾಡಿಕೊಳ್ಳುವುದಿಲ್ಲ. ಆದರೆ ಪ್ರಾರ್ಥನೆಯಿಲ್ಲದ ಮನೆ ನನಗೆ ನೀರು ನಿಂತ ನಲ್ಲಿಯ ಹಾಗಿತ್ತು. ಇನ್ನು ಈ ಜನ್ಮದಲ್ಲಿ ಅದು ವಾಪಸು ಬರುವುದೇ ಇಲ್ಲವೇನೋ ಎಂಬ ಹೆದರಿಕೆ, ಗಂಡ ಹೋದ ದುಃಖಕ್ಕಿಂತ ಬೇರೆಯದೇ ಆದ ಹೆದರಿಕೆ, ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು.

ಚರ್ಚಿಗೆ ಹೋಗುವುದನ್ನೂ ಬಿಟ್ಟೆ. ನಮ್ಮ ಮಗಳು ಮೇಲಿನ ಮಹಡಿಯಲ್ಲೇ ಸಂಸಾರ ಹೂಡಿದ್ದಾಳೆ. ಅವಳು ಒಂದು ಶನಿವಾರ ಇಳಿದು ಬಂದು, ನಮ್ಮ ಚರ್ಚಿನ ಕನ್ನಡ ಆರಾಧನೆ ಟಿವಿಯಲ್ಲಿ ಬರುವ ಹಾಗೆ ಮಾಡಿಕೊಟ್ಟಳು. "ಅಮ್ಮ, ಮನಸ್ಸಾದಾಗ ನೋಡು, ಬೇಡ ಅನ್ಸಿದ್ರೆ ಆಫ್ ಮಾಡು," ಎಂದಳು. ಒಳ್ಳೆಯ ಹುಡುಗಿ, ಒತ್ತಾಯ ಮಾಡುವವಳಲ್ಲ. ಹಾಗಾಗಿ ನಾನು ನೈಟಿಯ ಮೇಲೆ ಟವೆಲ್ ಹೊದ್ದು, ಕಾಫಿ ಹೀರುತ್ತ ಆರಾಧನೆ ನೋಡುವವಳಾದೆ. ಪಾದ್ರಿಯವರ ಪ್ರಸಂಗ ಬೇಸರವಾದರೆ ಎದ್ದು ಹೋಗಿ ಕುಕ್ಕರ್ ಇಡುತ್ತಿದ್ದೆ. ಎಲ್ಲರೂ ಎದ್ದು ನಿಂತರೆ ನಾನು ಕೂತಿರುತ್ತಿದ್ದೆ. ಬಹಳ ಆರಾಮಾಗಿತ್ತು, ಏನೂ ಆಗುತ್ತಿರಲಿಲ್ಲ.

ಈಗ ನರ್ಸಮ್ಮನ ವಿಷಯ ಹೇಳಬೇಕು. ಅವರು ಮಿಷನ್ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು, ಎಂಬತ್ತು ದಾಟಿದವರು, ತ್ಯಾಗರಾಜನಗರದಲ್ಲಿ ತಂಗಿಯ ಮಗಳ ಜೊತೆ ಇದ್ದಾರೆ. ನಮ್ಮ ಕನ್ನಡ ಆರಾಧನೆಯಲ್ಲಿ ಕಾಯಿಲೆಯವರಿಗಾಗಿ ಮಾಡುವ ಪ್ರಾರ್ಥನೆ ಅವರದೇ. ಯಾವ ಕಮಿಟಿ ಅವರಿಗೆ ಕೊಟ್ಟಿತೋ, ಯಾವಾಗ ಕೊಟ್ಟಿತೋ ಯಾರಿಗೂ ನೆನಪಿಲ್ಲ. ಹೆಂಗಸರ ಕಡೆಯ ಮೊದಲ ಬೆಂಚಿನಲ್ಲಿ, ಬಿಳಿ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು, ಕೂತಲ್ಲೇ ಮೈಕು ಹಿಡಿದು ಅವರು ಕಣ್ಣು ಮುಚ್ಚಿದರೆ ರೌಂಡ್ಸ್ ಶುರುವಾಯಿತೆಂದೇ ಲೆಕ್ಕ. ನಾವೆಲ್ಲ ಅದನ್ನು ರೌಂಡ್ಸ್ ಎಂದೇ ಕರೆಯುತ್ತಿದ್ದೆವು. ವಾರ್ಡಿನಲ್ಲಿ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗಿ ರೂಢಿಯಾದವರು, ಪ್ರಾರ್ಥನೆಯಲ್ಲೂ ಹಾಗೆಯೇ ಹೋಗುತ್ತಿದ್ದರು. ಯಾರ ಹೆಸರನ್ನೂ ಹೇಳುತ್ತಿರಲಿಲ್ಲ. ಮನೆ ಹೇಳುತ್ತಿದ್ದರು.

ತ್ಯಾಗರಾಜನಗರದಿಂದ ಹೊರಟು ಕತ್ರಿಗುಪ್ಪೆಗೆ ಹೋಗುತ್ತಿದ್ದರು. "ನೀರಿನ ಟ್ಯಾಂಕಿನ ಎದುರುಮನೆಯ ಮೂರನೇ ಮಹಡಿಯಲ್ಲಿರುವ ನಿನ್ನ ಮಗಳನ್ನು ಮುಟ್ಟು ಕರ್ತನೇ, ಲಿಫ್ಟ್ ಇಲ್ಲ, ಮಂಡಿನೋವು, ಇಳಿದು ಬರಲಾರಳು." ಕೇಳಿಸಿಕೋ ಎಂದು ಸಭೆಯೆಲ್ಲ "ಕರ್ತನೇ, ಲಾಲಿಸು" ಎನ್ನುತ್ತಿತ್ತು. ಅಲ್ಲಿಂದ ಬನಶಂಕರಿ, ಜೆ.ಪಿ. ನಗರ, ಬಿಳೇಕಹಳ್ಳಿ, ಬಿಟಿಎಂ. ಸಕ್ಕರೆ ಕಾಯಿಲೆಯವರ ಮನೆಯ ಮುಂದೆ ನಿಂತು, "ಮೊನ್ನೆ ಮದುವೆಮನೆಯಲ್ಲಿ ಹೋಳಿಗೆ ತಿಂದಿದ್ದಾನೆ, ಕ್ಷಮಿಸು," ಎಂದು ದೇವರಿಗೆ ಚಾಡಿಯನ್ನೂ ಹೇಳುತ್ತಿದ್ದರು. ಕಣ್ಣು ಮುಚ್ಚಿಕೊಂಡೇ ನಗುವವರು ನಗುತ್ತಿದ್ದರು. ಕೊನೆಗೆ ಜಯನಗರಕ್ಕೆ ಬಂದು, ಚರ್ಚಿಗೆ ಹತ್ತಿರದ ಮನೆಯಲ್ಲಿ ಮುಗಿಸುತ್ತಿದ್ದರು. ಆ ಕೊನೆಯ ಮನೆ ನಮ್ಮದು. ನಮ್ಮವರು ಹಾಸಿಗೆ ಹಿಡಿದಷ್ಟು ಕಾಲವೂ ರೌಂಡ್ಸಿನ ಕೊನೆಯ ಪೇಷೆಂಟ್ ಅವರೇ ಆಗಿದ್ದರು.

ರೌಂಡ್ಸ್ ಬರುವ ಹೊತ್ತಿಗೆ ನಾನು ಸಾಮಾನ್ಯವಾಗಿ ಅಡಿಗೆಮನೆಯಲ್ಲಿರುತ್ತಿದ್ದೆ. ಒಂದು ಭಾನುವಾರ ಮಾತ್ರ ಟಿವಿ ನೋಡುತ್ತ ಕೂತಿದ್ದೆ. ಪಕ್ಕದ ಮನೆಯ ಮೇಡಂ ಒಂದು ಬಟ್ಟಲು ಗೊಜ್ಜವಲಕ್ಕಿ ತಂದುಕೊಟ್ಟು ಹಾಗೇ ನಿಂತಿದ್ದರು. ನರ್ಸಮ್ಮ ಬಿಟಿಎಂ ಮುಗಿಸಿ ಜಯನಗರಕ್ಕೆ ಬಂದರು. "ಹಿಟ್ಟಿನ ಮಿಲ್ಲಿನ ಪಕ್ಕದ ರಸ್ತೆಯಲ್ಲಿ, ಸಂಪಿಗೆ ಮರದ ಮನೆಯಲ್ಲಿರುವ ನಿನ್ನ ಮಗನನ್ನು ಮುಟ್ಟು ಕರ್ತನೇ. ಎದೆನೋವು ಕಮ್ಮಿ ಮಾಡು. ಬೇಗ ಎದ್ದು ಓಡಾಡೋ ಹಾಗೆ ಮಾಡು." ಸಭೆಯ ದನಿ ಒಂದು ಕ್ಷಣ ತಡವರಿಸಿತು, ಆಮೇಲೆ ಅಷ್ಟಿಷ್ಟು ಜನ "ಕರ್ತನೇ, ಲಾಲಿಸು" ಎಂದರು.

ಮೇಡಂ ನನ್ನ ಮುಖ ನೋಡಿದರು. "ನಿಮ್ಮನೆಯವರ ಬಗ್ಗೇನೇ ಹೇಳ್ತಿದಾರಲ್ವಾ?"

ನಮ್ಮವರನ್ನು ಮಣ್ಣು ಮಾಡಿ ಆಗಲೇ ತಿಂಗಳುಗಳು ಕಳೆದಿದ್ದವು. ನಮ್ಮ ಪಂಗಡದಲ್ಲಿ ತೀರಿಹೋದವರಿಗಾಗಿ ಪ್ರಾರ್ಥಿಸುವ ಪದ್ಧತಿಯೇ ಇಲ್ಲ. ಅವರು ದೇವರ ಕೈಯಲ್ಲಿದ್ದಾರೆ, ಅಲ್ಲಿಗೆ ಮುಗಿಯಿತು ಎನ್ನುತ್ತೇವೆ. ಅಂಥದ್ದರಲ್ಲಿ ಸತ್ತವರು ಬೇಗ ಎದ್ದು ಓಡಾಡಲಿ ಎಂದು ಮೈಕಿನಲ್ಲಿ ಪ್ರಾರ್ಥನೆ! ನನ್ನ ಮೈ ಉರಿದುಹೋಯಿತು. ಆವತ್ತು ಕೇಳಿಸಿಕೊಳ್ಳದವನ ಮುಂದೆ ಅದೇ ಮಾತನ್ನು ಮತ್ತೆ ಇಡುವುದೆಂದರೆ ನನ್ನ ಗಾಯಕ್ಕೆ ಉಪ್ಪು ಸವರಿದ ಹಾಗೆ. ಮುಂದಿನ ವಾರವೂ ಅದೇ ಆಯಿತು. ತಪ್ಪು ಕಂಡರೆ ಕೆಂಪು ಪೆನ್ನು ಹಿಡಿದೇ ಅಭ್ಯಾಸವಾದವಳು ನಾನು. ಅದರ ಮುಂದಿನ ಭಾನುವಾರ ಸೀರೆಯುಟ್ಟು ಚರ್ಚಿಗೆ ಹೊರಟೆ. ಭಕ್ತಿಯಿಂದಲ್ಲ, ಜಗಳಕ್ಕೆ.

ಆರಾಧನೆ ಮುಗಿದ ಮೇಲೆ ಪಾದ್ರಿ ಅಯ್ಯನವರನ್ನು ಹಿಡಿದೆ. ನಮ್ಮ ಸಭಾಪಾಲಕರು ಚಿಕ್ಕ ವಯಸ್ಸಿನವರು, ನನ್ನ ಮಗನಾಗಬಹುದಾದವರು. ಮುಂದಿನ ಇಂಗ್ಲಿಷ್ ಆರಾಧನೆಯವರು ಆಗಲೇ ಬಾಗಿಲಲ್ಲಿ ಕಾಯುತ್ತಿದ್ದರು, ಅಯ್ಯನವರಿಗೆ ಅವಸರ.

"ಹೇಳಿದೀನಮ್ಮಾ," ಎಂದರು. "ಪ್ರತಿ ವಾರ ಮುಂಚೇನೇ ಹೇಳ್ತೀನಿ. ಹೂಂ ಅಯ್ಯಾ ಅಂತಾರೆ. ಕಣ್ಣು ಮುಚ್ಚಿದ ತಕ್ಷಣ ಅವರ ದಾರಿ ಅವರಿಗೆ. ಮರೆವು ಶುರುವಾಗಿದೆ. ನೀವು ಬೇಜಾರು ಮಾಡ್ಕೊಂಡಿದ್ರೆ ಮುಂದಿನ ವಾರದಿಂದ ಬೇರೆಯವರಿಗೆ ಕೊಟ್ಬಿಡ್ತೀನಿ."

ನಾನು ಕೇಳಲು ಬಂದಿದ್ದು ಅದನ್ನೇ. ಆದರೆ ಅವರು ಅಷ್ಟು ಸುಲಭವಾಗಿ ಕೊಡಲು ಒಪ್ಪಿದಾಗ ನನಗೇ ಹಿಂಜರಿಕೆಯಾಯಿತು. ನರ್ಸಮ್ಮನ ಕೈಯಿಂದ ಮೈಕು ತೆಗೆದರೆ ಭಾನುವಾರ ಅವರಿಗೆ ಉಳಿಯುವುದೇನು? "ತಾಳಿ ಅಯ್ಯಾ, ನಾನೇ ಒಂದು ಮಾತು ಆಡ್ತೀನಿ," ಎಂದು ಹೊರಗೆ ಹೋದೆ.

ನರ್ಸಮ್ಮ ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕಾಫಿ ಆರಿಸುತ್ತ ಕೂತಿದ್ದರು. ನಾನು ಸುತ್ತುಬಳಸದೆ ಹೇಳಿದೆ: "ನರ್ಸಮ್ಮ, ನಮ್ಮವರು ತೀರ್ಕೊಂಡ್ರು."

"ಗೊತ್ತಲ್ಲ ಟೀಚರಮ್ಮ. ಮಣ್ಣಿಗೆ ನಾನೂ ಬಂದಿದ್ದೆ. ನಿಮ್ಮ ಮಗಳು ನನ್ನ ಕೈ ಹಿಡ್ಕೊಂಡು ಅತ್ಲು."

"ಮತ್ತೆ ಪ್ರತಿ ವಾರ ಅವರು ಎದ್ದು ಓಡಾಡ್ಲಿ ಅಂತ ಯಾಕೆ ಕೇಳ್ತೀರ?"

ಅವರು ಲೋಟ ಕೆಳಗಿಟ್ಟರು. "ನಾನು ನೆನಪಲ್ಲಿ ಹೋಗಲ್ಲ ಕಣಮ್ಮ, ದಾರೀಲಿ ಹೋಗ್ತೀನಿ. ಬಿಟಿಎಂನಿಂದ ಬರ್ತಾ ನಿಮ್ಮ ಗೇಟು ಸಿಗತ್ತೆ. ಸಿಕ್ಕಿದ ಮೇಲೆ ಒಳಗೆ ಹೋಗ್ದೆ ಹೆಂಗೆ ದಾಟ್ಲಿ? ಒಳಗೆ ಹೋದ್ರೆ ಅವರು ಮಂಚದ ಮೇಲೆ ಮಲಗಿರ್ತಾರೆ."

ನನಗೂ ಹಾಗೆಯೇ ಆಗುತ್ತಿತ್ತಲ್ಲ. ಹಾಲು ತಂದು ಒಳಗೆ ಬಂದಾಗಲೆಲ್ಲ ಮೊದಲು ಕಣ್ಣು ಹೋಗುತ್ತಿದ್ದುದು ಆ ಮಂಚದ ಕಡೆಗೇ. ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಕೊನೆಗೆ ಒಂದು ಒಪ್ಪಂದ ಮಾಡಿಕೊಂಡೆವು. ಭಾನುವಾರ ನಾನು ಅವರ ಪಕ್ಕದಲ್ಲೇ ಕೂರುವುದು, ನಮ್ಮ ಮನೆ ಬರುವ ಹೊತ್ತಿಗೆ ಮೊಣಕೈಯಿಂದ ಮೆಲ್ಲಗೆ ತಿವಿಯುವುದು, ತಿವಿದ ಕೂಡಲೇ ಅವರು ಆಮೆನ್ ಹೇಳಿ ಮುಗಿಸುವುದು. "ಜೋರಾಗಿ ತಿವೀಬೇಡಿ, ಮೂಳೆ ಸವೆದಿದೆ," ಎಂದು ನರ್ಸಮ್ಮ ಷರತ್ತು ಹಾಕಿದರು.

ಮೊದಲ ವಾರವೇ ಎಡವಟ್ಟು ಮಾಡಿದೆ. ಅವಸರದಲ್ಲಿ ಬಿಳೇಕಹಳ್ಳಿ ಮುಗಿಯುತ್ತಿದ್ದ ಹಾಗೇ ತಿವಿದುಬಿಟ್ಟೆ. ನರ್ಸಮ್ಮ ವಿಧೇಯರಾಗಿ "ಆಮೆನ್" ಎಂದರು. ಎಲ್ಲರೂ ಕಣ್ಣು ತೆರೆದರು. ನನಗೋ ದೊಡ್ಡ ಗೆಲುವು. ಆಚೆ ಬರುತ್ತಲೇ ಒಬ್ಬ ಹುಡುಗಿ ನನ್ನ ಮುಂದೆ ಬಂದು ನಿಂತಳು. ಗದಗಿನ ಕಡೆಯವಳು, ಬಿಟಿಎಂನಲ್ಲಿ ಬಾಡಿಗೆಗಿದ್ದು ಯಾವುದೋ ಆಫೀಸಿಗೆ ಹೋಗುತ್ತಾಳೆ. ಅವಳ ತಾಯಿ ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದಾರೆಂದು ರೌಂಡ್ಸ್ ಕೇಳಿಯೇ ನನಗೆ ಗೊತ್ತಿತ್ತು.

"ನಮ್ಮ ಮನಿ ಬಿಟ್ಟಬಿಟ್ರಲ್ರೀ ಟೀಚರ್," ಎಂದಳು. "ಅವ್ವ ಅಲ್ಲಿ ಫೋನಿನ್ಯಾಗ ನೋಡ್ಕೋತ ಮಲಗ್ಯಾಳ. ಈಗಷ್ಟ ಫೋನ್ ಮಾಡಿದ್ಲು. ನಮ್ಮ ಮನಿ ಬರ್ಲೇ ಇಲ್ಲಲ್ಲ ಅಂತ ಅಳಾಕತ್ಯಾಳ."

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಯಾರೂ ಪರಿಚಯವಿಲ್ಲದ ಊರಿನಲ್ಲಿ, ಬಾಡಿಗೆ ಮನೆಯ ಮಂಚದ ಮೇಲೆ ಮಲಗಿದ ಹೆಂಗಸಿಗೆ ತನ್ನ ಮನೆಯೂ ದೇವರ ಮುಂದೆ ಬರುತ್ತದೆ ಎಂಬುದು ಅಷ್ಟು ದೊಡ್ಡದಾಗಿತ್ತು. ನಾನು ಆ ಹುಡುಗಿಯ ಜೊತೆ ಆಟೋ ಹತ್ತಿ ಹೋಗಿ ಅವಳ ತಾಯಿಯನ್ನು ನೋಡಿಕೊಂಡು ಬಂದೆ. ಅವರು ಮಗಳ ಕೈಯಲ್ಲಿ ನನಗೆ ಶೇಂಗಾ ಚಟ್ನಿ ಕಟ್ಟಿಸಿಕೊಟ್ಟರು. ಇನ್ನು ಮೇಲೆ ಯಾವ ಮನೆಯೂ ತಪ್ಪುವುದಿಲ್ಲ ಎಂದು ಮಾತು ಕೊಟ್ಟೆ.

ಕೊಟ್ಟ ಮಾತು ಉಳಿಸಿಕೊಳ್ಳಬೇಕಾದರೆ ರೌಂಡ್ಸನ್ನು ಮೊದಲಿನಿಂದ ಕೊನೆಯವರೆಗೆ ಕಿವಿಗೊಟ್ಟು ಕೇಳಬೇಕಾಯಿತು. ಹಾಗೆ ಕೇಳುತ್ತ ಕೇಳುತ್ತ ನನಗೂ ದಾರಿ ಪಾಠವಾಯಿತು. ಟಿವಿಯಲ್ಲಿ ಕಾಣದ ಎಷ್ಟೋ ಸಂಗತಿಗಳು ಮೊದಲ ಬೆಂಚಿನಲ್ಲಿ ಕಂಡವು. ಕ್ಯಾಮೆರಾ ಅಯ್ಯನವರ ಮುಖದ ಮೇಲೆ ಮಾತ್ರ ಇರುತ್ತದೆ. ಜೆ.ಪಿ. ನಗರದಲ್ಲಿ ಕ್ಯಾನ್ಸರ್ ಆದ ಹುಡುಗನ ಮನೆಯ ಮಾತು ಬಂದಾಗ ಗಂಡಸರ ಕಡೆಯಲ್ಲಿ ಒಬ್ಬ ದಪ್ಪ ಮೀಸೆಯ ಮನುಷ್ಯ ಕನ್ನಡಕ ತೆಗೆದು ಒರೆಸಿಕೊಳ್ಳುವುದು, ಅವನ ಪಕ್ಕದವನು ನೋಡದವನ ಹಾಗೆ ಇದ್ದು ಅವನ ಮಂಡಿಯ ಮೇಲೆ ಕೈಯಿಡುವುದು, ಇದು ಯಾವ ಟಿವಿಯಲ್ಲೂ ಬರುವುದಿಲ್ಲ.

ಆದರೂ ನಾನು ಪ್ರಾರ್ಥಿಸುತ್ತಿರಲಿಲ್ಲ. ಎಲ್ಲರೂ "ಕರ್ತನೇ, ಲಾಲಿಸು" ಎನ್ನುವಾಗ ನನ್ನ ತುಟಿ ಮುಚ್ಚಿಯೇ ಇರುತ್ತಿತ್ತು. ನಾನು ಅಲ್ಲಿ ಟ್ರಾಫಿಕ್ ಪೊಲೀಸಿನ ಕೆಲಸಕ್ಕೆ ಬಂದವಳು, ಅಷ್ಟೇ. ನಮ್ಮ ಮನೆಯ ತಿರುವು ಬಂದ ಕೂಡಲೇ ತಿವಿಯುತ್ತಿದ್ದೆ, ನರ್ಸಮ್ಮ ಆಮೆನ್ ಹೇಳುತ್ತಿದ್ದರು, ನಮ್ಮ ಗೇಟನ್ನು ಯಾರೂ ಮುಟ್ಟದೆ ಪ್ರಾರ್ಥನೆ ಮುಗಿಯುತ್ತಿತ್ತು. ಮಗಳು ಒಂದು ದಿನ, "ಚರ್ಚಿಗೆ ಹೋಗಕ್ಕೆ ಶುರು ಮಾಡಿದೀಯಲ್ಲಮ್ಮ, ಈಗ ಪರವಾಗಿಲ್ವಾ?" ಎಂದು ಕೇಳಿದಳು. ನಾನು "ಹೂಂ" ಎಂದೆ. ಅದು ಸುಳ್ಳು. ಅವರೆಲ್ಲರ ಮಧ್ಯೆ ಕೂತು ನಾನೊಬ್ಬಳೇ ಬಾಯಿ ಮುಚ್ಚಿಕೊಂಡಿರುವುದು ಮನೆಯಲ್ಲಿ ಒಬ್ಬಳೇ ಕೂತಿದ್ದುದಕ್ಕಿಂತ ಹೆಚ್ಚು ಕಷ್ಟವಾಗಿತ್ತು.

ನವೆಂಬರಿನ ಒಂದು ಚಳಿಯ ಭಾನುವಾರ. ನರ್ಸಮ್ಮ ಸ್ವೆಟರಿನ ಮೇಲೆ ಸೆರಗು ಹೊದ್ದು ಬಂದಿದ್ದರು. ಕೈ ತಣ್ಣಗಿತ್ತು. ಕತ್ರಿಗುಪ್ಪೆ ಸರಾಗವಾಗಿ ಮುಗಿಯಿತು. ಬನಶಂಕರಿಯಲ್ಲಿ ಒಂದು ಮನೆ, ಎರಡು ಮನೆ. ಆಮೇಲೆ ಮಾತು ನಿಂತಿತು. ಉಸಿರು ತೆಗೆದುಕೊಳ್ಳುತ್ತಿದ್ದಾರೆ ಎಂದುಕೊಂಡೆವು. ಯಾರೋ ಕೆಮ್ಮಿದರು.

"ಬನಶಂಕರಿ ಬಸ್ ಸ್ಟ್ಯಾಂಡ್ ಹತ್ರ ನಿಂತಿದೀನಿ," ಎಂದರು ನರ್ಸಮ್ಮ. ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ದನಿ ಚಿಕ್ಕ ಮಗುವಿನದಾಗಿತ್ತು. "ಯಾವ ಕಡೆಗೆ ಹೋಗ್ಬೇಕೋ ಗೊತ್ತಾಗ್ತಿಲ್ಲ."

ಕಣ್ಣು ತೆರೆದು ನೋಡಿದೆ. ಅವರ ಕಣ್ಣು ಮುಚ್ಚಿಯೇ ಇತ್ತು. ಅಯ್ಯನವರು ಕುರ್ಚಿಯಿಂದ ಅರ್ಧ ಎದ್ದಿದ್ದರು. ಅವರು ಬಂದು ಮೈಕು ತೆಗೆದುಕೊಂಡರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ನಾನು ಯೋಚಿಸಲಿಲ್ಲ. ನರ್ಸಮ್ಮನ ಕೈ ಹಿಡಿದು, "ನಾನಿದೀನಿ ನರ್ಸಮ್ಮ. ಸಾರಕ್ಕಿ ಸಿಗ್ನಲ್ ಕಡೆ ಹೋಗೋಣ. ಅಲ್ಲಿಂದ ಎಡಕ್ಕೆ, ಜೆ.ಪಿ. ನಗರ," ಎಂದೆ.

"ಹಾಂ," ಎಂದರು. "ಕರ್ಕೊಂಡು ಹೋಗಿ."

ಕರೆದುಕೊಂಡು ಹೋದೆ. "ಇಲ್ಲಿ ಪಾರ್ಕಿನ ಮೂಲೆಮನೆ. ಆ ಹುಡುಗನಿಗೆ ಕೀಮೋ ನಡೀತಿದೆ. ಊಟ ಸೇರ್ತಿಲ್ಲ." ಸಭೆ, "ಕರ್ತನೇ, ಲಾಲಿಸು." "ಇದು ಬಿಳೇಕಹಳ್ಳಿ. ಪಾರ್ಶ್ವವಾಯು ಹೊಡೆದವರು. ಈ ವಾರ ಬೆರಳು ಅಲ್ಲಾಡಿಸಿದ್ರಂತೆ." "ಕರ್ತನೇ, ಲಾಲಿಸು." ನಾನು ಹೇಳುತ್ತಿದ್ದುದು ನರ್ಸಮ್ಮನಿಗೆ. ದಾರಿ ತಪ್ಪಿದ ಒಬ್ಬ ಮುದುಕಿಗೆ ದಾರಿ ಹೇಳುತ್ತಿದ್ದೆ. ಬಿಟಿಎಂ ಬಂತು, ಗದಗಿನ ಅವ್ವನ ಮನೆ ಬಂತು. "ಈ ತಾಯಿಗೆ ಎದ್ದು ನಿಲ್ಲೋ ಶಕ್ತಿ ಕೊಡು. ಊರು ಬಿಟ್ಟು ಬಂದಿದಾಳೆ, ಬೇಜಾರಾಗತ್ತೆ, ಜೊತೆಗಿರು," ಎಂದೆ. ಆ ಮಾತು ನನ್ನ ಕಿವಿಗೇ ಬಿದ್ದಾಗ ತಿಳಿಯಿತು, ನಾನೀಗ ನರ್ಸಮ್ಮನ ಜೊತೆ ಮಾತಾಡುತ್ತಿಲ್ಲ.

ಆದರೂ ನಿಲ್ಲಿಸಲು ಆಗಲಿಲ್ಲ. ನರ್ಸಮ್ಮನ ಕೈ ನನ್ನ ಕೈಯಲ್ಲಿತ್ತು, ನಾವಿಬ್ಬರೂ ಜಯನಗರಕ್ಕೆ ತಿರುಗಿದ್ದೆವು. ಹಿಟ್ಟಿನ ಮಿಲ್ಲು, ಸಂಪಿಗೆ ಮರ, ಗೇಟು. ನನ್ನನ್ನು ತಿವಿಯುವವರು ಯಾರೂ ಇರಲಿಲ್ಲ. ನಾನೇ ಆಮೆನ್ ಹೇಳಿ ದಾಟಿಬಿಡಬಹುದಾಗಿತ್ತು. ಹೇಳಲೆಂದು ಬಾಯಿ ತೆರೆದೆ, ಬರಲಿಲ್ಲ. ಗೇಟಿನ ಮುಂದೆ ನಿಂತುಬಿಟ್ಟೆ.

"ಇದು ಯಾರ ಮನೆ?" ಎಂದು ನರ್ಸಮ್ಮ ಕೇಳಿದರು.

"ನಮ್ಮನೆ, ನರ್ಸಮ್ಮ."

"ಯಾರಿಗೆ ಹುಷಾರಿಲ್ಲ?"

ಅಷ್ಟು ಜನ ಕೇಳುತ್ತಿದ್ದಾರೆ, ಮನೆಯಲ್ಲಿ ಟಿವಿ ಮುಂದೆ ಕೂತವರೂ ಕೇಳುತ್ತಿದ್ದಾರೆ, ಮಗಳೂ ಕೇಳುತ್ತಿರಬಹುದು ಎಂದೆಲ್ಲ ಹೊಳೆಯಿತು. ಆದರೆ ಕೇಳಿದವರು ನರ್ಸು. ನರ್ಸು ಕೇಳಿದಾಗ ನಿಜ ಹೇಳಬೇಕು.

"ನನಗೆ," ಎಂದೆ.

ದಾರಿಯೆಲ್ಲ ಮರೆತಿದ್ದ ನರ್ಸಮ್ಮನಿಗೆ ಆಮೇಲೆ ಏನು ಮಾಡಬೇಕೆಂಬುದು ಮರೆತಿರಲಿಲ್ಲ. ಮೈಕನ್ನು ಮಡಿಲಿಗಿಟ್ಟು, ನನ್ನ ಕೈಯನ್ನು ತಮ್ಮ ಎರಡೂ ಕೈಯೊಳಗೆ ತೆಗೆದುಕೊಂಡು, "ಹಾಗಾದ್ರೆ ಇಲ್ಲಿ ಸ್ವಲ್ಪ ಹೊತ್ತು ಕೂತಿರೋಣ," ಎಂದರು. ಹೊರಗೆ ಇಂಗ್ಲಿಷ್ ಆರಾಧನೆಯವರ ಕಾರುಗಳು ಬಂದು ನಿಲ್ಲುತ್ತಿದ್ದವು. ಅಯ್ಯನವರು ಗಡಿಯಾರ ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ನನ್ನ ಹಿಂದಿನ ಬೆಂಚಿನಿಂದ, ಗಂಡಸರ ಕಡೆಯಿಂದ, ಬಾಗಿಲ ಹತ್ತಿರದಿಂದ, ನನ್ನ ಮನೆಗಾಗಿ ಎಲ್ಲರೂ "ಕರ್ತನೇ, ಲಾಲಿಸು" ಎಂದರು, ನಾನೂ ಅವರ ಜೊತೆ ಹೇಳಿದೆ.